ಬೆಳಕು ಕೊಡಬಲ್ಲ, ಹಿಡಿಯಲಾರದ ಲೋಹಗಳು

ಯುರೋ ನೋಟನ್ನು ಕತ್ತಲೆ ಕೋಣೆಯಲ್ಲಿ ಯುವಿ (ನೇರಳಾತೀತ) ಟಾರ್ಚ್ ಕೆಳಗೆ ಹಿಡಿದರೆ ಕಾಗದ ಹೊಳೆಯುವುದಿಲ್ಲ. ಆದರೆ ಕಾಗದದೊಳಗೆ ಸೇರಿಸಿರುವ ಸಣ್ಣ ಸಣ್ಣ ಎಳೆಗಳು ಕೆಂಪು, ಹಸಿರು, ನೀಲಿಯಾಗಿ ಎದ್ದು ಕಾಣುತ್ತವೆ. 2002ರ ಜನವರಿಯಲ್ಲಿ ಈ ನೋಟುಗಳು ಚಲಾವಣೆಗೆ ಬಂದವು. ಅವುಗಳಲ್ಲಿ ಯಾವ ವಸ್ತು ಬಳಸಿದ್ದಾರೆ ಎಂಬುದನ್ನು ಯುರೋಪಿಯನ್ ಕೇಂದ್ರ ಬ್ಯಾಂಕು ಬಿಟ್ಟುಕೊಡಲಿಲ್ಲ. ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು ಅದೇ ವರ್ಷ ಆ ಬೆಳಕನ್ನು ಬಿಡಿಸಿ ಅಳೆದರು. ಕೆಂಪು ಬರುತ್ತಿರುವುದು ಯುರೋಪಿಯಂ ಎಂಬ ಲೋಹದಿಂದ ಎಂದು ತೋರಿಸಿದರು.

ಅದು ಬರೀ ಯುರೋಪಿಯಂ ಅಲ್ಲ. ಇಂಗಾಲ, ಆಮ್ಲಜನಕ, ಜಲಜನಕ ಸೇರಿ ಆದ ಸಾವಯವ ಅಣುಗಳು ಅದನ್ನು ಸುತ್ತಲಿಂದ ಹಿಡಿದುಕೊಂಡಿರುತ್ತವೆ. ಹೀಗೆ ಲೋಹದ ಅಯಾನು (ಆವೇಶ ಹೊತ್ತ ಪರಮಾಣು) ನಡುವೆ ಕೂತು, ಸುತ್ತ ಅಣುಗಳು ಅಂಟಿಕೊಂಡಿರುವ ರಚನೆಯನ್ನು ಸಂಕೀರ್ಣ ಎನ್ನುತ್ತಾರೆ. ಸುತ್ತ ಕೂತ ಅಣುಗಳಿಗೆ ಲಿಗ್ಯಾಂಡ್ ಎಂದು ಹೆಸರು. ಆ ಲಿಗ್ಯಾಂಡ್‌ಗಳನ್ನು ತೆಗೆದುಬಿಟ್ಟರೆ, ಅದೇ ಟಾರ್ಚ್ ಕೆಳಗೆ ಯುರೋಪಿಯಂ ಹೆಚ್ಚುಕಮ್ಮಿ ಕತ್ತಲೆಯಾಗಿ ಉಳಿಯುತ್ತದೆ. ಬೆಳಕು ಕೊಡುವುದು ಲೋಹ, ಅದನ್ನು ಹೊತ್ತಿಸುವುದು ಪಕ್ಕದ ಅಣು. ಈ ವಿಷಯದಲ್ಲಿ ಅರ್ಥ ಮಾಡಿಕೊಳ್ಳಬೇಕಾದ ಮುಖ್ಯ ಸಂಗತಿ ಇದೇ. ಇಂಥ ಸಂಕೀರ್ಣಗಳು ಎಲ್ಲಿ ಗೆದ್ದವು, ಎಲ್ಲಿ ಸೋತವು ಎಂಬುದೂ ಇದರಿಂದಲೇ ತಿಳಿಯುತ್ತದೆ.

ಒಳಗೆ ಅಡಗಿದ ಎಲೆಕ್ಟ್ರಾನ್‌ಗಳು

ಯುರೋಪಿಯಂ ರೇರ್ ಅರ್ತ್ ಎಂಬ ಲೋಹಗಳ ಗುಂಪಿಗೆ ಸೇರಿದೆ. ಈ ಲೋಹಗಳು ಒಟ್ಟು 17. ಲ್ಯಾಂಥನಂನಿಂದ ಲುಟೀಷಿಯಂವರೆಗಿನ 15, ಜೊತೆಗೆ ಸ್ಕ್ಯಾಂಡಿಯಂ ಮತ್ತು ಇಟ್ರಿಯಂ. ಹೆಸರಿನಲ್ಲಿ ರೇರ್ ಎಂದಿದ್ದರೂ ಇವು ಅಷ್ಟೇನೂ ವಿರಳವಲ್ಲ. ಭೂಮಿಯ ಹೊರಪದರದಲ್ಲಿ ಬೆಳ್ಳಿಗಿಂತ ಯುರೋಪಿಯಂ ಜಾಸ್ತಿ ಇದೆ. ಕಷ್ಟ ಇರುವುದು ಇವನ್ನು ಒಂದರಿಂದ ಒಂದು ಬೇರ್ಪಡಿಸುವುದರಲ್ಲಿ. ರಾಸಾಯನಿಕವಾಗಿ ಇವೆಲ್ಲ ಅಣ್ಣತಮ್ಮಂದಿರ ಹಾಗೆ, ಗುರುತಿಸುವುದೇ ಕಷ್ಟ.

ಯಾಕೆ ಹೀಗೆ? ಆ 15ರ ಸಾಲಿನಲ್ಲಿ ಒಂದು ಲೋಹದಿಂದ ಮುಂದಿನದಕ್ಕೆ ಹೋದಾಗ ಹೊಸ ಎಲೆಕ್ಟ್ರಾನ್ ಬಂದು ಸೇರುವುದು 4ಎಫ್ ಎಂಬ ಕಕ್ಷೆಗೆ. ಆ ಕಕ್ಷೆ ಪರಮಾಣುವಿನ ಹೊರ ಅಂಚಿನಲ್ಲಿಲ್ಲ. ಅದರ ಹೊರಗೆ 5ಎಸ್, 5ಪಿ ಎಂಬ ತುಂಬಿದ ಕಕ್ಷೆಗಳಿವೆ. ಹಳೆಯ ತೊಟ್ಟಿಮನೆಯ ಒಳಕೋಣೆಯಲ್ಲಿ ಕೂತವರಿಗೆ ಬೀದಿಯ ಗದ್ದಲ ಕೇಳಿಸುವುದಿಲ್ಲ, ಅಲ್ವಾ? 4ಎಫ್ ಎಲೆಕ್ಟ್ರಾನ್‌ಗಳ ಸ್ಥಿತಿ ಅದೇ. ಹೊರಗೆ ನೀರಿರಲಿ, ಗಾಜಿರಲಿ, ಪ್ಲಾಸ್ಟಿಕ್ ಇರಲಿ, ಅವುಗಳ ಶಕ್ತಿಯ ಮಟ್ಟಗಳು ಹೆಚ್ಚು ಅಲುಗಾಡುವುದಿಲ್ಲ.

ಇದರ ಫಲ ಬಹಳ ಚಂದ. ಯುರೋಪಿಯಂ ಎಲ್ಲಿದ್ದರೂ ಅದರ ಮುಖ್ಯ ಕೆಂಪು ಬೆಳಕು 612 ನ್ಯಾನೋಮೀಟರ್ ತರಂಗಾಂತರದ ಆಸುಪಾಸಿನಲ್ಲೇ ಬರುತ್ತದೆ. ಅದೇ ಗುಂಪಿನ ಟರ್ಬಿಯಂನ ಹಸಿರು 545ರ ಸುತ್ತ. ಸಾಮಾನ್ಯ ಸಾವಯವ ಬಣ್ಣಗಳು ಹೊಳೆಯುವಾಗ ಬೆಳಕು 50ರಿಂದ 100 ನ್ಯಾನೋಮೀಟರ್‌ನಷ್ಟು ಅಗಲಕ್ಕೆ ಹರಡುತ್ತದೆ. ಕೆಂಪು ಅಂದರೂ ಅದರಲ್ಲಿ ಕಿತ್ತಳೆ ಬೆರೆತಿರುತ್ತದೆ. ಯುರೋಪಿಯಂನ ಗೆರೆ ಕೆಲವೇ ನ್ಯಾನೋಮೀಟರ್ ಅಗಲ. ಇಷ್ಟು ಶುದ್ಧವಾದ ಕೆಂಪು ಸಿಗುವ ವಸ್ತುಗಳು ಕಡಿಮೆ. 1960ರ ದಶಕದ ನಡುವೆ ಕಲರ್ ಟಿವಿ ಪರದೆಗೆ ಯುರೋಪಿಯಂ ಸೇರಿದ್ದು ಇದೇ ಕಾರಣಕ್ಕೆ. ಅಲ್ಲಿಯವರೆಗೆ ಟಿವಿಯ ಕೆಂಪು ಮಂಕಾಗಿರುತ್ತಿತ್ತು.

ಆದರೆ ಈ ಶುದ್ಧತೆಗೆ ಬೆಲೆ ತೆರಬೇಕು. ಎಲೆಕ್ಟ್ರಾನ್ ಒಂದೇ 4ಎಫ್ ಗುಂಪಿನೊಳಗೆ ಒಂದು ಮಟ್ಟದಿಂದ ಇನ್ನೊಂದಕ್ಕೆ ಜಿಗಿಯುವಾಗ ಅದರ ಸಮ್ಮಿತಿ ಬದಲಾಗುವುದಿಲ್ಲ. ಬೆಳಕನ್ನು ಸುಲಭವಾಗಿ ಹೀರಬೇಕಾದರೆ ಅದು ಬದಲಾಗಬೇಕು. ಕ್ವಾಂಟಂ ನಿಯಮದ ಪ್ರಕಾರ ಈ ಜಿಗಿತಕ್ಕೆ ಅನುಮತಿ ಇಲ್ಲ. ಸುತ್ತಲಿನ ಅಣುಗಳು ಸಮ್ಮಿತಿಯನ್ನು ಒಂಚೂರು ಕೆಡಿಸುವುದರಿಂದ ನಿಯಮ ಸ್ವಲ್ಪ ಸಡಿಲವಾಗುತ್ತದೆ, ಅಷ್ಟೇ. ಎಷ್ಟು ಸಡಿಲವಾಗುತ್ತದೆ ಎಂಬ ಲೆಕ್ಕವನ್ನು 1962ರಲ್ಲಿ ಜಡ್ ಮತ್ತು ಓಫೆಲ್ಟ್ ಎಂಬಿಬ್ಬರು ಬೇರೆ ಬೇರೆಯಾಗಿ ಕೊಟ್ಟರು.

ಒಂದು ವಸ್ತು ಎಷ್ಟು ಬೆಳಕು ಹೀರುತ್ತದೆ ಎಂದು ಹೇಳಲು ರಸಾಯನ ವಿಜ್ಞಾನಿಗಳ ಬಳಿ ಒಂದು ಅಂಕಿ ಇದೆ. ಒಳ್ಳೆಯ ಸಾವಯವ ಅಣುವಿಗೆ ಅದು ಹತ್ತಾರು ಸಾವಿರ. ಯುರೋಪಿಯಂಗೆ 10 ಕೂಡ ದಾಟುವುದಿಲ್ಲ. ಅಂದರೆ ನೇರವಾಗಿ ಟಾರ್ಚ್ ಬಿಟ್ಟರೆ ಆ ಬೆಳಕಿನ ಬಹುಪಾಲು ಲೋಹವನ್ನು ಮುಟ್ಟದೆ ಹಾದುಹೋಗುತ್ತದೆ.

ಇದೇ ನಿಯಮದಿಂದ ಇನ್ನೊಂದು ಪರಿಣಾಮವೂ ಇದೆ. ಒಳಗೆ ಬರುವುದು ಎಷ್ಟು ಕಷ್ಟವೋ ಹೊರಗೆ ಹೋಗುವುದೂ ಅಷ್ಟೇ ಕಷ್ಟ. ಒಮ್ಮೆ ಶಕ್ತಿ ತುಂಬಿಕೊಂಡ ಯುರೋಪಿಯಂ ಅದನ್ನು ಬೆಳಕಾಗಿ ಬಿಡಲು ಒಂದು ಮಿಲಿಸೆಕೆಂಡಿನ ಆಸುಪಾಸು ತೆಗೆದುಕೊಳ್ಳುತ್ತದೆ. ಸಾಮಾನ್ಯ ಹೊಳೆಯುವ ಬಣ್ಣಗಳು ಕೆಲವೇ ನ್ಯಾನೋಸೆಕೆಂಡಿನಲ್ಲಿ ಮುಗಿಸಿಬಿಡುತ್ತವೆ. ಸುಮಾರು ಲಕ್ಷಪಟ್ಟು ವ್ಯತ್ಯಾಸ. ಮುಂದೆ ರಕ್ತಪರೀಕ್ಷೆಗೆ ಬಂದಾಗ ಈ ನಿಧಾನವೇ ದೊಡ್ಡ ಗುಣವಾಗುತ್ತದೆ.

ಪಕ್ಕದ ಅಣು ಹಿಡಿದುಕೊಟ್ಟಾಗ

1942ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ವೈಸ್‌ಮನ್ ಯುರೋಪಿಯಂನ ಕೆಲವು ಸಂಕೀರ್ಣಗಳನ್ನು ಪರೀಕ್ಷಿಸಿದರು. ಯುರೋಪಿಯಂ ಹೀರದ, ಲಿಗ್ಯಾಂಡ್ ಮಾತ್ರ ಹೀರುವ ಬೆಳಕನ್ನು ಹಾಯಿಸಿದರು. ಹೊರಗೆ ಬಂದದ್ದು ಮಾತ್ರ ಯುರೋಪಿಯಂನ ಕೆಂಪು. ಅಂದರೆ ಲಿಗ್ಯಾಂಡ್ ಹಿಡಿದ ಶಕ್ತಿ ಅಣುವಿನೊಳಗೇ ಲೋಹಕ್ಕೆ ದಾಟಿತ್ತು. ಮುಂದೆ ಇದಕ್ಕೆ ಆಂಟೆನಾ ಪರಿಣಾಮ ಎಂಬ ಹೆಸರು ನಿಂತಿತು. ಇವತ್ತು ಈ ಕ್ಷೇತ್ರದಲ್ಲಿ ಕೆಲಸ ಮಾಡುವ ಯಾರೇ ಆದರೂ ಮೊದಲು ಕೇಳುವುದು ನಿಮ್ಮ ಆಂಟೆನಾ ಯಾವುದು ಎಂದೇ.

ಒಳಗೆ ನಡೆಯುವುದು ಹೀಗೆ. ಯುವಿ ಬೆಳಕು ಬಿದ್ದಾಗ ಲಿಗ್ಯಾಂಡ್ ಮೇಲಿನ ಮಟ್ಟಕ್ಕೆ ಏರುತ್ತದೆ. ಇದು ಸಿಂಗ್ಲೆಟ್ ಸ್ಥಿತಿ, ಬಹಳ ಹೊತ್ತು ಉಳಿಯುವುದಿಲ್ಲ. ಪಕ್ಕದಲ್ಲಿ ಭಾರವಾದ ಲೋಹ ಇರುವುದರಿಂದ ಅಣು ಸುಲಭವಾಗಿ ಸ್ವಲ್ಪ ಕೆಳಗಿನ ಟ್ರಿಪ್ಲೆಟ್ ಎಂಬ ಸ್ಥಿತಿಗೆ ಜಾರುತ್ತದೆ. ಟ್ರಿಪ್ಲೆಟ್ ಸ್ವಲ್ಪ ಜಾಸ್ತಿ ಹೊತ್ತು ಬಾಳುತ್ತದೆ. ಅಲ್ಲಿಂದ ಶಕ್ತಿ ಲೋಹದ 4ಎಫ್ ಮಟ್ಟಕ್ಕೆ ಇಳಿಯುತ್ತದೆ. ಕೊನೆಗೆ ಲೋಹ ಅದನ್ನು ತನ್ನದೇ ಬಣ್ಣದಲ್ಲಿ ಹೊರಹಾಕುತ್ತದೆ.

ಇಲ್ಲಿ ಲಿಗ್ಯಾಂಡನ್ನು ಆರಿಸುವುದು ಸುಲಭದ ಕೆಲಸವಲ್ಲ. ಯುರೋಪಿಯಂ ಬೆಳಕು ಬಿಡುವ ಮಟ್ಟ ಸುಮಾರು 2.1 ಎಲೆಕ್ಟ್ರಾನ್ ವೋಲ್ಟ್ (ಅಣುಗಳ ಮಟ್ಟದ ಶಕ್ತಿ ಅಳೆಯುವ ಏಕಮಾನ) ಎತ್ತರದಲ್ಲಿದೆ. ಟರ್ಬಿಯಂನದು ಸುಮಾರು 2.5. ಲಿಗ್ಯಾಂಡಿನ ಟ್ರಿಪ್ಲೆಟ್ ಇದಕ್ಕಿಂತ 0.3ರಿಂದ 0.4ರಷ್ಟು ಮೇಲಿದ್ದರೆ ಒಳ್ಳೆಯದು. ತೀರಾ ಹತ್ತಿರ ಇದ್ದರೆ, ಕೋಣೆಯ ಬಿಸಿಗೇ ಶಕ್ತಿ ಲೋಹದಿಂದ ವಾಪಸ್ ಲಿಗ್ಯಾಂಡಿಗೆ ಏರಿಬಿಡುತ್ತದೆ. ತೀರಾ ಮೇಲಿದ್ದರೆ ದಾಟುವಿಕೆ ಸಾಮಾನ್ಯವಾಗಿ ಅಷ್ಟು ಚೆನ್ನಾಗಿ ನಡೆಯುವುದಿಲ್ಲ.

ಎರಡು ಉದಾಹರಣೆ ನೋಡಿ. ಅಸಿಟೈಲ್ ಅಸಿಟೋನ್ ಒಂದು ಸಣ್ಣ ಅಣು. ಅದರ ಟ್ರಿಪ್ಲೆಟ್ ಸುಮಾರು 3.1ರಲ್ಲಿದೆ. ಅದರ ಜೊತೆ ಟರ್ಬಿಯಂ ಚೆನ್ನಾಗಿ ಹಸಿರು ಬೆಳಗುತ್ತದೆ. ಟಿಟಿಎ ಎಂದು ಕರೆಯುವ ಥೀನಾಯ್ಲ್ ಟ್ರೈಫ್ಲೋರೋ ಅಸಿಟೋನ್ ಇನ್ನೊಂದು. ಅದರ ಟ್ರಿಪ್ಲೆಟ್ ಸುಮಾರು 2.5. ಯುರೋಪಿಯಂಗೆ ಇದು ಹೇಳಿ ಮಾಡಿಸಿದಂತಿದೆ. ಟರ್ಬಿಯಂಗೆ ಮಾತ್ರ ಆಗಿಬರುವುದಿಲ್ಲ, ಎರಡೂ ಒಂದೇ ಎತ್ತರ. ಈ ಎರಡೂ ಅಣುಗಳು ಬೀಟಾ ಡೈಕೀಟೋನ್ ಎಂಬ ಒಂದೇ ಕುಟುಂಬದವು. ಯುರೋ ನೋಟಿನ ಕೆಂಪಿನಲ್ಲಿ ಉಟ್ರೆಕ್ಟ್‌ನವರು ಗುರುತಿಸಿದ್ದೂ ಇದೇ ಕುಟುಂಬವನ್ನು.

ಟಿಟಿಎ ಸಂಕೀರ್ಣದ ಬೆಳಕು ಬಿಸಿ ಏರಿದಂತೆ ಕಡಿಮೆಯಾಗುತ್ತದೆ. ಇದು ಕೊರತೆಯ ಹಾಗೆ ಕಾಣಬಹುದು. ಆದರೆ ಇದನ್ನೇ ಬಣ್ಣದಲ್ಲಿ ಕಲೆಸಿ ವಿಮಾನದ ಮಾದರಿಗೆ ಬಳಿದು, ಗಾಳಿ ಸುರಂಗದಲ್ಲಿಟ್ಟು, ಮೇಲ್ಮೈಯ ಯಾವ ಜಾಗ ಎಷ್ಟು ಬಿಸಿಯಾಗಿದೆ ಎಂದು ಕ್ಯಾಮೆರಾದಲ್ಲೇ ನೋಡುತ್ತಾರೆ.

ನೀರು ಎಂಬ ಶತ್ರು

ಲಿಗ್ಯಾಂಡಿಗೆ ಎರಡನೆಯ ಕೆಲಸವೂ ಇದೆ, ಅದು ಕಾವಲು. ನೀರಿನ ಅಣುವಿನಲ್ಲಿ ಆಮ್ಲಜನಕ ಮತ್ತು ಜಲಜನಕದ ನಡುವಿನ ಬಂಧ ಸದಾ ಕಂಪಿಸುತ್ತಿರುತ್ತದೆ. ಆ ಕಂಪನದ ಒಂದು ಮೆಟ್ಟಿಲು ಸುಮಾರು 0.42 ಎಲೆಕ್ಟ್ರಾನ್ ವೋಲ್ಟ್. ಯುರೋಪಿಯಂ ತನ್ನ ಬೆಳಕಿನ ಮಟ್ಟದಿಂದ ಕೆಳಗಿಳಿಯಲು ದಾಟಬೇಕಾದ ಕಂದರ ಸುಮಾರು 1.5. ಅಂದರೆ ಮೂರು ನಾಲ್ಕು ಮೆಟ್ಟಿಲು ಸಾಕು. ನೀರು ಅಂಟಿಕೊಂಡಿದ್ದರೆ ಲೋಹದ ಶಕ್ತಿ ಬೆಳಕಾಗುವ ಮೊದಲೇ ಕಂಪನವಾಗಿ, ಬಿಸಿಯಾಗಿ ಸೋರಿಹೋಗುತ್ತದೆ.

ನೀರಿನಲ್ಲಿ ಕರಗಿದ ಯುರೋಪಿಯಂನ ಬೆಳಕು ಸುಮಾರು 0.1 ಮಿಲಿಸೆಕೆಂಡ್ ಬಾಳುತ್ತದೆ. ಅದನ್ನೇ ಭಾರಜಲದಲ್ಲಿ, ಅಂದರೆ ಜಲಜನಕದ ಭಾರವಾದ ರೂಪ ಇರುವ ನೀರಿನಲ್ಲಿ, ಕರಗಿಸಿದರೆ ಬಾಳಿಕೆ ಹತ್ತಾರು ಪಟ್ಟು ಏರುತ್ತದೆ. ಭಾರಜಲದ ಬಂಧ ನಿಧಾನವಾಗಿ ಕಂಪಿಸುವುದರಿಂದ ಮೆಟ್ಟಿಲು ಚಿಕ್ಕದು, ಹತ್ತಿರ ಹತ್ತಿರ ಐದು ಮೆಟ್ಟಿಲು ಬೇಕಾಗುತ್ತದೆ. ಅಷ್ಟು ಒಟ್ಟಿಗೆ ನಡೆಯುವುದು ಅಪರೂಪ. 1979ರಲ್ಲಿ ಹಾರಕ್ಸ್ ಮತ್ತು ಸಡ್ನಿಕ್ ಈ ವ್ಯತ್ಯಾಸದಿಂದಲೇ ಒಂದು ಸೂತ್ರ ಮಾಡಿದರು. ಎರಡೂ ದ್ರಾವಣಗಳಲ್ಲಿ ಬೆಳಕಿನ ಬಾಳಿಕೆ ಅಳೆದರೆ ಸಾಕು, ಲೋಹಕ್ಕೆ ಎಷ್ಟು ನೀರಿನ ಅಣುಗಳು ಅಂಟಿವೆ ಎಂದು ಲೆಕ್ಕ ಸಿಗುತ್ತದೆ. ಕಣ್ಣಿಗೆ ಕಾಣದ ಅಣುಗಳನ್ನು ಬೆಳಕಿನ ಗಡಿಯಾರದಿಂದ ಎಣಿಸುವ ಈ ಉಪಾಯ ನನಗೆ ಬಹಳ ಇಷ್ಟ.

ಹಾಗಾದರೆ ನೀರನ್ನು ದೂರ ಇಡುವುದು ಹೇಗೆ? ಯುರೋಪಿಯಂಗೆ ಸುತ್ತಲೂ ಎಂಟು ಒಂಬತ್ತು ಕಡೆ ಬಂಧ ಬೇಕು. ಮೂರು ಬೀಟಾ ಡೈಕೀಟೋನ್‌ಗಳು ಸೇರಿದರೆ ಆರು ತುಂಬುತ್ತವೆ. ಉಳಿದ ಜಾಗಕ್ಕೆ ನೀರು ನುಗ್ಗುತ್ತದೆ. ಅದಕ್ಕೇ ಫಿನಾಂತ್ರೊಲಿನ್‌ನಂಥ ಇನ್ನೊಂದು ಅಣುವನ್ನು ಸೇರಿಸಿ ಆ ಜಾಗ ಮುಚ್ಚುತ್ತಾರೆ. ಇಲ್ಲವೇ ಲೋಹವನ್ನು ಪೂರ್ತಿ ಒಳಗೆ ಹಾಕಿಕೊಳ್ಳುವ ಗೂಡಿನಂಥ ಅಣು ಕಟ್ಟುತ್ತಾರೆ. ಇಂಥ ಗೂಡು ಅಣುಗಳಿಗೆ ಕ್ರಿಪ್ಟ್ಯಾಂಡ್ ಎಂದು ಹೆಸರು. ಅವನ್ನು ಕಟ್ಟಿದ ಫ್ರಾನ್ಸ್‌ನ ಜಾನ್ ಮರಿ ಲೆನ್‌ಗೆ 1987ರಲ್ಲಿ ರಸಾಯನ ವಿಜ್ಞಾನದ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

ಗೆದ್ದ ಜಾಗ: ರಕ್ತದ ಹನಿ

ಈ ಸಂಕೀರ್ಣಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಬಲ್ಬು, ಟಿವಿ ಪರದೆಗಳಿಂದ ಶುರು ಮಾಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇವುಗಳ ನಿಜವಾದ ಗೆಲುವು ಆಸ್ಪತ್ರೆಯ ಲ್ಯಾಬಿನಲ್ಲಿ ಆಯಿತು.

ರಕ್ತದಲ್ಲಿ ಒಂದು ಹಾರ್ಮೋನ್ ಬಹಳ ಕಡಿಮೆ ಪ್ರಮಾಣದಲ್ಲಿದೆ, ಅದನ್ನು ಅಳೆಯಬೇಕು ಎಂದುಕೊಳ್ಳಿ. ಆ ಹಾರ್ಮೋನ್‌ಗೆ ಮಾತ್ರ ಅಂಟುವ ಪ್ರತಿಕಾಯಕ್ಕೆ ಹೊಳೆಯುವ ಗುರುತು ಹಚ್ಚಿ, ಬೆಳಕು ಬಿಟ್ಟು, ಎಷ್ಟು ಹೊಳೆಯಿತು ಎಂದು ನೋಡಬಹುದು. ತೊಂದರೆ ಏನೆಂದರೆ ರಕ್ತದ ಪ್ರೋಟೀನ್‌ಗಳೂ ಹೊಳೆಯುತ್ತವೆ. ಪರೀಕ್ಷೆ ಮಾಡುವ ಪ್ಲಾಸ್ಟಿಕ್ ತಟ್ಟೆಯೂ ಹೊಳೆಯುತ್ತದೆ. ಆ ಗದ್ದಲದಲ್ಲಿ ನಮಗೆ ಬೇಕಾದ ಮಂದ ಬೆಳಕು ಮುಳುಗಿಹೋಗುತ್ತದೆ.

ಫಿನ್‌ಲ್ಯಾಂಡ್‌ನ ಟುರ್ಕು ನಗರದಲ್ಲಿ ವಾಲಾಕ್ ಎಂಬ ಕಂಪನಿ ಇತ್ತು. ಎರ್ಕಿ ಸೊಯ್ನಿ, ಇಲ್ಕಾ ಹೆಮ್ಮಿಲಾ ಮತ್ತು ಅವರ ಜೊತೆಗಾರರು ಯುರೋಪಿಯಂನ ನಿಧಾನವನ್ನು ಇಲ್ಲಿ ಬಳಸಿಕೊಂಡರು. 340 ನ್ಯಾನೋಮೀಟರ್ ಬೆಳಕಿನ ಚಿಕ್ಕ ಮಿಂಚು ಬಿಡುವುದು. ಆಮೇಲೆ 400 ಮೈಕ್ರೋಸೆಕೆಂಡ್ ಸುಮ್ನೆ ಕಾಯುವುದು. ಅಷ್ಟರಲ್ಲಿ ಪ್ರೋಟೀನ್, ಪ್ಲಾಸ್ಟಿಕ್ ಎಲ್ಲದರ ಹೊಳಪು ಎಂದೋ ಆರಿಹೋಗಿರುತ್ತದೆ. ಯುರೋಪಿಯಂ ಮಾತ್ರ ಇನ್ನೂ ಬೆಳಗುತ್ತಿರುತ್ತದೆ. ಮುಂದಿನ 400 ಮೈಕ್ರೋಸೆಕೆಂಡ್ ಬಾಗಿಲು ತೆರೆದು 615ರ ಸುತ್ತಲಿನ ಕೆಂಪನ್ನು ಎಣಿಸುವುದು. ಇದನ್ನೇ ಒಂದು ಸೆಕೆಂಡಿನಲ್ಲಿ ಸುಮಾರು ಸಾವಿರ ಸಲ ಮಾಡುವುದು. 1980ರ ದಶಕದಲ್ಲಿ ಡೆಲ್ಫಿಯಾ ಎಂಬ ಹೆಸರಿನಲ್ಲಿ ಇದು ಮಾರುಕಟ್ಟೆಗೆ ಬಂತು.

ಇದರಲ್ಲಿ ಇನ್ನೊಂದು ಜಾಣತನವಿದೆ. ಪ್ರತಿಕಾಯಕ್ಕೆ ಯುರೋಪಿಯಂ ಅನ್ನು ಬಿಗಿಯಾಗಿ ಹಿಡಿಯುವ ಅಣು ಬೇರೆ, ಅದನ್ನು ಚೆನ್ನಾಗಿ ಬೆಳಗಿಸುವ ಅಣು ಬೇರೆ. ಎರಡೂ ಗುಣ ಒಂದರಲ್ಲೇ ಸಿಗಲಿ ಎಂದು ಅವರು ಹಟ ಹಿಡಿಯಲಿಲ್ಲ. ಮೊದಲು ಬಿಗಿ ಹಿಡಿತದ, ಬೆಳಗದ ಸಂಕೀರ್ಣದಿಂದ ಗುರುತು ಹಚ್ಚಿದರು. ಎಲ್ಲ ತೊಳೆದಾದ ಮೇಲೆ ಹುಳಿ ದ್ರಾವಣ ಹಾಕಿ ಯುರೋಪಿಯಂ ಅನ್ನು ಬಿಡಿಸಿದರು. ಆ ದ್ರಾವಣದಲ್ಲೇ ಬೀಟಾ ಡೈಕೀಟೋನ್ ಮತ್ತು ಸಾಬೂನಿನಂಥ ವಸ್ತು ಇತ್ತು. ಬಿಡುಗಡೆಯಾದ ಯುರೋಪಿಯಂ ಹೊಸ ಲಿಗ್ಯಾಂಡ್‌ಗಳ ನಡುವೆ ಸೇರಿ, ಸಾಬೂನಿನ ಪುಟ್ಟ ಹನಿಗಳೊಳಗೆ ಹೊಕ್ಕು, ನೀರಿನಿಂದ ದೂರವಾಗಿ ಬೆಳಗಿತು. ಹಿಡಿಯುವುದು, ಕಾಯುವುದು ಎರಡೂ ಪಾಠ ಇಲ್ಲಿ ಒಟ್ಟಿಗೆ ಕೆಲಸಕ್ಕೆ ಬಂದವು.

ಹುಟ್ಟಿದ ಮಗುವಿನ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದು ಕಾಗದದ ಮೇಲೆ ಒಣಗಿಸುತ್ತಾರಲ್ಲ, ಅದರಲ್ಲಿ ಥೈರಾಯ್ಡ್‌ಗೆ ಸಂಬಂಧಿಸಿದ ಟಿಎಸ್‌ಎಚ್ ಎಂಬ ಹಾರ್ಮೋನ್ ಅಳೆಯಲು ಈ ವಿಧಾನ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಥೈರಾಯ್ಡ್ ಕೊರತೆ ಬೇಗ ಗೊತ್ತಾದರೆ ಮಾತ್ರೆಯಿಂದಲೇ ಮಗುವಿನ ಮೆದುಳಿನ ಬೆಳವಣಿಗೆಯನ್ನು ಉಳಿಸಬಹುದು. ತಡವಾದರೆ ಆದ ನಷ್ಟ ತುಂಬಿಬರುವುದಿಲ್ಲ. ನಿಯಮದ ಪ್ರಕಾರ ಅನುಮತಿಯೇ ಇಲ್ಲದ ಒಂದು ಎಲೆಕ್ಟ್ರಾನ್ ಜಿಗಿತ ಇಂಥ ಕೆಲಸಕ್ಕೆ ಬಂದಿದೆ ಎಂದು ಓದಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಬಲ್ಬಿನಲ್ಲಿ ಏನಾಯಿತು?

ನಮ್ಮ ಮನೆಗಳಲ್ಲಿ ಕೆಲವು ವರ್ಷಗಳ ಹಿಂದೆ ಉರಿಯುತ್ತಿದ್ದ ಸಿಎಫ್‌ಎಲ್ ಬಲ್ಬಿನೊಳಗಿನ ಬಿಳಿ ಪುಡಿಯಲ್ಲಿ ಯುರೋಪಿಯಂ, ಟರ್ಬಿಯಂ ಎರಡೂ ಇದ್ದವು. ಪಾದರಸದ ಆವಿಯಿಂದ ಬರುವ 254 ನ್ಯಾನೋಮೀಟರ್ ಯುವಿ ಆ ಪುಡಿಗೆ ಬಿದ್ದು ಬೆಳಕಾಗುತ್ತಿತ್ತು. ಆದರೆ ಅಲ್ಲಿದ್ದದ್ದು ಸಂಕೀರ್ಣ ಅಲ್ಲ. ಇಟ್ರಿಯಂ ಆಕ್ಸೈಡ್‌ನಂಥ ಗಟ್ಟಿ ಹರಳುಗಳೊಳಗೆ ಸೇರಿಸಿದ ಲೋಹ. ಅಂಥ ಯುವಿಯನ್ನು ಸಾವಯವ ಅಣುಗಳು ಬಹಳ ಕಾಲ ತಾಳಲಾರವು.

ಎಲ್‌ಇಡಿ ಬಂದ ಮೇಲೆ ದಾರಿ ಇನ್ನೂ ಕಷ್ಟವಾಯಿತು. ಬಿಳಿ ಎಲ್‌ಇಡಿಯ ಹೃದಯದಲ್ಲಿ 450 ನ್ಯಾನೋಮೀಟರ್ ಸುತ್ತಲಿನ ನೀಲಿ ಬೆಳಕಿನ ಚಿಪ್ ಇದೆ. ಅದರ ಮೇಲಿನ ಹಳದಿ ಪದರದಲ್ಲಿ ಸೀರಿಯಂ ಎಂಬ ರೇರ್ ಅರ್ತ್ ಲೋಹ ಇದೆ, ಅದೂ ಹರಳಿನೊಳಗೆ. ಯುರೋಪಿಯಂ ಸಂಕೀರ್ಣಗಳ ಲಿಗ್ಯಾಂಡ್‌ಗಳು ಸಾಮಾನ್ಯವಾಗಿ 400ಕ್ಕಿಂತ ಕೆಳಗಿನ ಬೆಳಕನ್ನೇ ಹಿಡಿಯುವುದು. ಚಿಪ್ ಬಿಡುವ ನೀಲಿ ಅವಕ್ಕೆ ದಕ್ಕುವುದಿಲ್ಲ. ಚಿಪ್ ನೂರು ಡಿಗ್ರಿ ದಾಟಿ ಬಿಸಿಯಾಗುವುದೂ ಉಂಟು. ಬಿಸಿ, ಯುವಿ, ಗಾಳಿ ಮೂರೂ ಸೇರಿ ಬೀಟಾ ಡೈಕೀಟೋನ್ ಬಂಧಗಳನ್ನು ಒಡೆಯುತ್ತವೆ. ದಿನ ಕಳೆದಂತೆ ಬಣ್ಣ ಮಂಕಾಗುತ್ತದೆ. ನೋಟಿನ ಮೇಲೆ ಆಗಾಗ ಕ್ಷಣ ಹೊತ್ತು ಯುವಿ ಬಿದ್ದರೆ ಪರವಾಗಿಲ್ಲ. ಹತ್ತು ವರ್ಷ ಉರಿಯಬೇಕಾದ ದೀಪದ ಕಥೆ ಬೇರೆ.

ತೆಳು ಪರದೆಗಳ ಓಎಲ್‌ಇಡಿಯಲ್ಲಿ, ಅಂದರೆ ಸಾವಯವ ಪದರಗಳಿಂದ ಮಾಡಿದ ಎಲ್‌ಇಡಿಯಲ್ಲಿ, ಭರವಸೆ ಹೆಚ್ಚಿತ್ತು. 1990ರಲ್ಲಿ ಜಪಾನಿನ ಜುಂಜಿ ಕಿಡೊ ಮತ್ತು ಸಂಗಡಿಗರು ಟರ್ಬಿಯಂ ಸಂಕೀರ್ಣಕ್ಕೆ ವಿದ್ಯುತ್ ಹಾಯಿಸಿ ಹಸಿರು ಬೆಳಕು ತೆಗೆದರು. ಮುಂದೆ ಯುರೋಪಿಯಂನಿಂದ ಕೆಂಪೂ ಬಂತು. ಇಲ್ಲಿ ಒಂದು ದೊಡ್ಡ ಲಾಭವಿದೆ. ವಿದ್ಯುತ್ತಿನಿಂದ ಅಣುಗಳಿಗೆ ಶಕ್ತಿ ತುಂಬಿದಾಗ ನಾಲ್ಕರಲ್ಲಿ ಒಂದು ಪಾಲು ಸಿಂಗ್ಲೆಟ್ ಆಗುತ್ತದೆ, ಮೂರು ಪಾಲು ಟ್ರಿಪ್ಲೆಟ್. ಸಾಮಾನ್ಯ ಸಾವಯವ ಬಣ್ಣ ಆ ಮೂರು ಪಾಲನ್ನು ಕಳೆದುಕೊಳ್ಳುತ್ತದೆ. ರೇರ್ ಅರ್ತ್ ಸಂಕೀರ್ಣಕ್ಕೆ ಶಕ್ತಿ ಬರುವುದೇ ಟ್ರಿಪ್ಲೆಟ್ ಮೂಲಕ. ಹಾಗಾಗಿ ಲೆಕ್ಕದ ಮಟ್ಟಿಗೆ ನಾಲ್ಕೂ ಪಾಲು ಬೆಳಕಾಗಬಹುದು.

ಸೋಲಿಸಿದ್ದು ಮತ್ತೆ ಅದೇ ನಿಧಾನ. ಪರದೆಯ ಹೊಳಪು ಜಾಸ್ತಿ ಮಾಡಲು ವಿದ್ಯುತ್ ಏರಿಸಿದರೆ, ಹಿಂದಿನ ಶಕ್ತಿಯನ್ನೇ ಇನ್ನೂ ಖಾಲಿ ಮಾಡದ ಯುರೋಪಿಯಂಗೆ ಹೊಸದು ಬಂದು ಬೀಳುತ್ತದೆ. ಎಲ್ಲ ಅಯಾನುಗಳೂ ತುಂಬಿಹೋಗುತ್ತವೆ. ಉಳಿದ ಶಕ್ತಿ ವ್ಯರ್ಥ. 1999ರಲ್ಲಿ ರೇರ್ ಅರ್ತ್ ಅಲ್ಲದ ಇರಿಡಿಯಂ ಎಂಬ ಲೋಹದ ಸಂಕೀರ್ಣದಿಂದ ಹಸಿರು ಓಎಲ್‌ಇಡಿ ಬಂತು. ಅದೂ ಟ್ರಿಪ್ಲೆಟ್ ಬಳಸುತ್ತದೆ, ಆದರೆ ಮೈಕ್ರೋಸೆಕೆಂಡಿನ ಆಸುಪಾಸಿನಲ್ಲೇ ಕೆಲಸ ಮುಗಿಸುತ್ತದೆ. ಮೊಬೈಲ್ ಪರದೆಗಳಲ್ಲಿ ಗೆದ್ದದ್ದು ಇರಿಡಿಯಂ.

ಫೈಬರ್ ಮತ್ತು ಎರ್ಬಿಯಂ

ಇಂಟರ್ನೆಟ್ ಸಾಗುವ ಗಾಜಿನ ಎಳೆಗಳಲ್ಲಿ ಬೆಳಕು ಅತಿ ಕಡಿಮೆ ನಷ್ಟದಲ್ಲಿ ಸಾಗುವುದು 1550 ನ್ಯಾನೋಮೀಟರ್ ಸುತ್ತ. ಇನ್ನೊಂದು ರೇರ್ ಅರ್ತ್ ಲೋಹ ಎರ್ಬಿಯಂ ಬೆಳಕು ಬಿಡುವುದೂ ಅಲ್ಲೇ, ಸುಮಾರು 1530ರಲ್ಲಿ. 1987ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯ ಮತ್ತು ಅಮೆರಿಕದ ಬೆಲ್ ಲ್ಯಾಬ್ಸ್ ಎರಡೂ ಕಡೆ ಎರ್ಬಿಯಂ ಬೆರೆಸಿದ ಫೈಬರ್‌ನಿಂದ ಸಂಕೇತವನ್ನು ಬೆಳಕಾಗಿಯೇ ಹಿಗ್ಗಿಸಿ ತೋರಿಸಿದರು. ಮುಂಬೈ, ಚೆನ್ನೈ ದಡಕ್ಕೆ ಬರುವ ಸಮುದ್ರದಡಿಯ ಕೇಬಲ್‌ಗಳು ಇಂಥ ಹಿಗ್ಗಿಸುವ ತುಣುಕುಗಳ ಬಲದಿಂದಲೇ ಸಾವಿರಾರು ಕಿಲೋಮೀಟರ್ ದಾಟುವುದು. ಬೆಂಗಳೂರಿನಿಂದ ಅಮೆರಿಕಕ್ಕೆ ವಿಡಿಯೋ ಕಾಲ್ ಮಾಡಿದಾಗಲೂ ದಾರಿಯಲ್ಲಿ ಎರ್ಬಿಯಂ ಇರುತ್ತದೆ.

ಅಲ್ಲೂ ಎರ್ಬಿಯಂ ಕೂತಿರುವುದು ಗಾಜಿನಲ್ಲಿ, ಸಂಕೀರ್ಣದಲ್ಲಲ್ಲ. ಕಾರಣ ಈಗ ನೀವೇ ಊಹಿಸಬಹುದು. ಎರ್ಬಿಯಂನ ಕಂದರ ಬರೀ 0.8 ಎಲೆಕ್ಟ್ರಾನ್ ವೋಲ್ಟ್. ನೀರಿನ ಬಂಧದ ಎರಡೇ ಮೆಟ್ಟಿಲು. ಲಿಗ್ಯಾಂಡಿನಲ್ಲೇ ಇರುವ ಇಂಗಾಲ ಮತ್ತು ಜಲಜನಕದ ಬಂಧ ಕೂಡ ಶಕ್ತಿಯನ್ನು ಹೀರಿಬಿಡುತ್ತದೆ. ಗಾಜಿನಲ್ಲಿ ಸುಮಾರು 10 ಮಿಲಿಸೆಕೆಂಡ್ ಬಾಳುವ ಎರ್ಬಿಯಂ, ಸಾಮಾನ್ಯ ಸಾವಯವ ಸಂಕೀರ್ಣದಲ್ಲಿ ಕೆಲವೇ ಮೈಕ್ರೋಸೆಕೆಂಡ್ ಬಾಳುತ್ತದೆ. ಲಿಗ್ಯಾಂಡಿನ ಜಲಜನಕಗಳನ್ನೆಲ್ಲ ತೆಗೆದು ಫ್ಲೋರಿನ್ ಕೂರಿಸಿದರೆ ಬಾಳಿಕೆ ಏರುತ್ತದೆ. ಪ್ಲಾಸ್ಟಿಕ್ ಚಿಪ್ ಮೇಲೆ ಹಿಗ್ಗಿಸುವ ಸಾಧನ ಮಾಡಬೇಕೆನ್ನುವವರು ಈ ದಾರಿ ಹಿಡಿದಿದ್ದಾರೆ.

ಓಎಲ್‌ಇಡಿಯಲ್ಲಿ ಇತ್ತೀಚೆಗೆ ಗಮನ ಸೀರಿಯಂ ಸಂಕೀರ್ಣಗಳ ಕಡೆ ತಿರುಗಿದೆ. ಸೀರಿಯಂನ ಎಲೆಕ್ಟ್ರಾನ್ 4ಎಫ್‌ನೊಳಗೇ ಉಳಿಯುವುದಿಲ್ಲ, 5ಡಿ ಎಂಬ ಹೊರ ಕಕ್ಷೆಗೆ ಹೋಗಿ ವಾಪಸ್ ಇಳಿಯುತ್ತದೆ. ಈ ಜಿಗಿತಕ್ಕೆ ನಿಯಮದ ಅಡ್ಡಿಯಿಲ್ಲ. ಬೆಳಕು ನ್ಯಾನೋಸೆಕೆಂಡುಗಳಲ್ಲೇ ಹೊರಬರುತ್ತದೆ, ಹಾಗಾಗಿ ಯುರೋಪಿಯಂ ಸೋತ ಕಡೆ ಇದು ಸೋಲುವುದಿಲ್ಲ. ಆದರೆ ಗೆರೆ ತೆಳುವಾಗಿರುವುದಿಲ್ಲ, ಬಣ್ಣ ಅಗಲವಾಗಿ ಹರಡುತ್ತದೆ. 5ಡಿ ಹೊರಗಡೆ ಇರುವುದರಿಂದ ಸುತ್ತಲಿನ ಲಿಗ್ಯಾಂಡ್ ಬದಲಿಸಿದರೆ ಬಣ್ಣವೂ ಬದಲಾಗುತ್ತದೆ. ಚೀನಾದ ಪೀಕಿಂಗ್ ವಿಶ್ವವಿದ್ಯಾಲಯದ ಒಂದು ತಂಡ ಇದರಿಂದ ನೀಲಿ ಬೆಳಕಿನ ಸಾಧನಗಳನ್ನು ಮಾಡಿದೆ. ಓಎಲ್‌ಇಡಿಯಲ್ಲಿ ಬಹಳ ಕಾಲ ಬಾಳುವ ನೀಲಿ ಇವತ್ತಿಗೂ ಕಷ್ಟದ ಬಣ್ಣ.

ಕೇರಳದ ಚವರ, ತಮಿಳುನಾಡಿನ ಮಣವಾಳಕುರಿಚಿ, ಒಡಿಶಾದ ಛತ್ರಪುರದ ಕಡಲ ಮರಳಿನಲ್ಲಿ ರೇರ್ ಅರ್ತ್ ಲೋಹಗಳಿರುವ ಮೋನಜೈಟ್ ಎಂಬ ಖನಿಜ ಸಿಗುತ್ತದೆ. ಅದರಲ್ಲಿ ಯುರೋಪಿಯಂ ತೀರಾ ಕಡಿಮೆ, ಎಲ್ಲಕ್ಕಿಂತ ಜಾಸ್ತಿ ಇರುವುದು ಸೀರಿಯಂ. ತಿರುವನಂತಪುರದ ಸಿಎಸ್‌ಐಆರ್ ಪ್ರಯೋಗಾಲಯ ಎನ್‌ಐಐಎಸ್‌ಟಿಯಲ್ಲಿ ಯುರೋಪಿಯಂ, ಟರ್ಬಿಯಂ ಸಂಕೀರ್ಣಗಳ ಮೇಲೆ ವರ್ಷಗಟ್ಟಲೆ ಕೆಲಸ ನಡೆದಿದೆ. ಹಾಗಾಗಿ ಸೀರಿಯಂ ಸಂಕೀರ್ಣಗಳು ನಮ್ಮಲ್ಲೂ ಕೈಗೆತ್ತಿಕೊಳ್ಳಲು ತಕ್ಕ ವಿಷಯ ಎಂದು ನನಗೆ ಅನಿಸುತ್ತದೆ. ಅಡ್ಡಿ ಒಂದಿದೆ. ಬೆಳಗುವ ರೂಪದ ಸೀರಿಯಂಗೆ ಮೂರು ಧನ ಆವೇಶ. ಗಾಳಿಯ ಆಮ್ಲಜನಕ ತಾಗಿದರೆ ಇಂಥ ಅನೇಕ ಸಂಕೀರ್ಣಗಳಲ್ಲಿ ಅದು ಇನ್ನೊಂದು ಎಲೆಕ್ಟ್ರಾನ್ ಕಳೆದುಕೊಂಡು ಬೆಳಗದ ರೂಪಕ್ಕೆ ತಿರುಗುತ್ತದೆ. ಯುರೋಪಿಯಂ ಸುತ್ತ ನೀರು ತಡೆಯುವ ಲಿಗ್ಯಾಂಡ್ ಕಟ್ಟಿದ ಹಾಗೆ, ಸೀರಿಯಂ ಸುತ್ತ ಆಮ್ಲಜನಕ ತಡೆಯುವ, ಆದರೂ ಬಣ್ಣ ಕೆಡಿಸದ ಲಿಗ್ಯಾಂಡ್ ಕಟ್ಟುವ ಕೆಲಸ ಈಗ ನಡೆಯುತ್ತಿದೆ.